ದಾರಿ ಕೇಳಿದವರಿಗೆ ನಾವು ಕೊಡುವ ಉತ್ತರ



ಯಾರಾದರೂ ದಾರಿ ಕೇಳಿದಾಗ, ಸರಿಯಾಗಿ ಗೊತ್ತಿಲ್ಲದಿದ್ದರೂ ಕೈಯೆತ್ತಿ ಒಂದು ದಿಕ್ಕನ್ನು ತೋರಿಸಿಬಿಡುವುದು ನಮ್ಮಲ್ಲಿ ಅನೇಕರ ಸ್ವಭಾವ. ಗೊತ್ತಿಲ್ಲವೆಂದು ಹೇಳಲು ನಮಗೆ ಸಂಕೋಚ. ಕೇಳಿದ್ದು ಬಸ್ ನಿಲ್ದಾಣದ ದಾರಿಯಾದರೆ ಹೆಚ್ಚೇನೂ ನಷ್ಟವಿಲ್ಲ. ಆತ ಅರ್ಧ ಮೈಲಿ ಸುತ್ತಿ ಮತ್ತೊಬ್ಬರನ್ನು ಕೇಳಿಕೊಳ್ಳುತ್ತಾನೆ. ಆದರೆ ಹತ್ತನೆಯ ತರಗತಿ ಮುಗಿಸಿದ ಮಗುವಿನ ತಂದೆ ಬಂದು ‘ಇವಳಿಗೆ ಮುಂದೆ ಏನು ಓದಿಸಲಿ?’ ಎಂದು ಕೇಳಿದಾಗ ನಾವು ಅದೇ ಹಗುರದಿಂದ ಕೈ ತೋರಿಸಿದರೆ, ತಪ್ಪು ದಾರಿಯಲ್ಲಿ ನಡೆಯಬೇಕಾದವರು ಯಾರು? ಈ ಪ್ರಶ್ನೆಯನ್ನು ನಿಮ್ಮ ಮುಂದಿಡಲು ನನಗೆ ಒಂದು ಕಾರಣವಿದೆ. ಹಾಗೆ ಕೈ ತೋರಿಸಿದವರಲ್ಲಿ ನಾನೂ ಒಬ್ಬ.

2003ರ ಬೇಸಿಗೆಯ ಮಾತು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಆಗಿನ್ನೂ ನಮ್ಮ ತಾಲ್ಲೂಕುಗಳೆಲ್ಲ ಕೋಲಾರ ಜಿಲ್ಲೆಗೆ ಸೇರಿದ್ದವು. ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಅಧ್ಯಾಪಕನಾಗಿದ್ದೆ. ಫಲಿತಾಂಶ ಬಂದ ಕೆಲವು ದಿನಗಳಲ್ಲಿ ಒಬ್ಬ ರೈತರು ಮಗಳನ್ನು ಕರೆದುಕೊಂಡು ಶಾಲೆಗೆ ಬಂದರು. ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೆಯ ಜ್ವರದಿಂದ ಎದ್ದಿತ್ತು. ಹಗಲಿರುಳೆನ್ನದೆ ಸೊಪ್ಪು ಹಾಕಬೇಕಾದ ಆ ದಿನಗಳಲ್ಲಿ ಅವರು ಬಿಡುವು ಮಾಡಿಕೊಂಡು ಬಂದಿದ್ದರು. ಹುಡುಗಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದಿದ್ದಳು. ‘ಮೇಷ್ಟ್ರೇ, ನಮ್ಗೇನು ಗೊತ್ತಾಗುತ್ತೆ, ನೀವು ಹೇಳಿದಂಗೆ ಮಾಡ್ತೀವಿ’ ಎಂದರು. ಶಾಲೆಯ ಜಗುಲಿಯಲ್ಲಿ ನಿಂತೇ ಉತ್ತರ ಕೊಟ್ಟೆ: ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಬೇಕು, ಮನೆಪಾಠಕ್ಕೆ ಹಣ ಬೇಕು, ಕನ್ನಡ ಮಾಧ್ಯಮದ ಮಗುವಿಗೆ ಕಷ್ಟ. ಕಲಾ ವಿಭಾಗಕ್ಕೆ ಸೇರಿಸಿ, ಆಮೇಲೆ ಟಿ.ಸಿ.ಹೆಚ್. ಮಾಡಿ ಟೀಚರ್ ಆಗಲಿ. ಇಷ್ಟಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ಹುಡುಗಿ ಅಂಕಪಟ್ಟಿಯನ್ನು ಎದೆಗೊತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು. ನಾನು ಅವಳನ್ನು ಒಂದು ಮಾತೂ ಕೇಳಲಿಲ್ಲ.

ಕೆಲವು ತಿಂಗಳ ಅನಂತರ ಚಿಂತಾಮಣಿಗೆ ಒಂದು ಮದುವೆಗೆ ಹೋಗುತ್ತಿದ್ದಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಯುವಕನೊಡನೆ ಮಾತಿಗೆ ಮೊದಲಾದೆ. ಅವನು ಕುರುಬೂರಿನ ರೇಷ್ಮೆ ಕೃಷಿ ಕಾಲೇಜಿನ ವಿದ್ಯಾರ್ಥಿ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವು ಚಿಂತಾಮಣಿಯ ಬಳಿ 1995ರಲ್ಲೇ ಆರಂಭಿಸಿದ್ದ ಕಾಲೇಜು ಅದು. ರೇಷ್ಮೆಯ ನಾಡಿನಲ್ಲಿ ಎಂಟು ವರ್ಷಗಳಿಂದ ರೇಷ್ಮೆಯಲ್ಲೇ ಪದವಿ ಕೊಡುವ ಕಾಲೇಜು ಇದ್ದರೂ, ರೇಷ್ಮೆ ಬೆಳೆಗಾರರ ಮಕ್ಕಳಿಗೆ ಪಾಠ ಹೇಳುತ್ತಿದ್ದ ನನಗೆ ಅದು ಗೊತ್ತಿರಲಿಲ್ಲ. ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆಂದೇ ಮೀಸಲಾದ ಸ್ಥಾನಗಳಿವೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೊಂದಿದ್ದು, ಹೊಲದಲ್ಲಿ ಕೈ ಕೆಸರು ಮಾಡಿಕೊಂಡ ಮಕ್ಕಳಿಗೆ ಅಲ್ಲಿ ಅನುಕೂಲವಿದೆ. ಆದರೆ ಅಲ್ಲಿಗೆ ಹೋಗಲು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿರಬೇಕು. ನಾನು ಜಗುಲಿಯ ಮೇಲೆ ನಿಂತು ಮುಚ್ಚಿದ್ದು ಆ ಬಾಗಿಲನ್ನೇ.

ಆ ಹುಡುಗಿ ಅಲ್ಲಿಗೆ ಸೇರುತ್ತಿದ್ದಳೆಂದಾಗಲಿ, ಸೇರಿದ್ದರೆ ಸುಖವಾಗಿರುತ್ತಿದ್ದಳೆಂದಾಗಲಿ ನಾನು ಹೇಳಲಾರೆ. ಇಂಗ್ಲಿಷಿನ ಕಷ್ಟದ ಬಗ್ಗೆ ನಾನಾಡಿದ ಮಾತು ಸುಳ್ಳೂ ಅಲ್ಲ. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯದು ಕನ್ನಡ, ಪದವಿಪೂರ್ವ ವಿಜ್ಞಾನದ್ದು ಇಂಗ್ಲಿಷ್. ಹದಿನಾರರ ಮಗು ಮೂರನೆಯ ಭಾಷೆಯಲ್ಲಿ ಭೌತಶಾಸ್ತ್ರವನ್ನು ಅರಗಿಸಿಕೊಳ್ಳಬೇಕು. ಇದು ಸಣ್ಣ ಕಷ್ಟವಲ್ಲ. ಆದರೂ ಆ ಕಷ್ಟವನ್ನು ಹೊರಬಲ್ಲಳೇ ಇಲ್ಲವೇ ಎಂದು ತೀರ್ಮಾನಿಸುವ ಹಕ್ಕು ಅವಳದಾಗಿತ್ತು. ಅದನ್ನು ನಾನು ತೆಗೆದುಕೊಂಡೆ, ಅದೂ ಅರ್ಧ ತಿಳಿವಳಿಕೆಯಿಂದ.

ಗೊತ್ತಿಲ್ಲದೆ ಮಾಡಿದ್ದು ತಪ್ಪಾಗುತ್ತದೆಯೇ ಎಂದು ನೀವು ಕೇಳಬಹುದು. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಈ ಪ್ರಶ್ನೆಯನ್ನು ಬಹಳ ಎಚ್ಚರಿಕೆಯಿಂದ ವಿಚಾರಿಸಿದ್ದಾರೆ. ಎಷ್ಟು ಪ್ರಯತ್ನಿಸಿದರೂ ನೀಗಿಸಿಕೊಳ್ಳಲಾಗದ ಅಜ್ಞಾನವೊಂದು, ಪ್ರಯತ್ನಿಸಿದರೆ ನೀಗಿಸಿಕೊಳ್ಳಬಹುದಾಗಿದ್ದ ಅಜ್ಞಾನ ಇನ್ನೊಂದು. ಮೊದಲನೆಯದಕ್ಕೆ ಮನುಷ್ಯ ಹೊಣೆಯಲ್ಲ. ಎರಡನೆಯದಕ್ಕೆ, ತಿಳಿದುಕೊಳ್ಳುವುದು ತನ್ನ ಕರ್ತವ್ಯವಾಗಿದ್ದಲ್ಲಿ, ಹೊಣೆ. ಆ ತಂದೆಯ ಅಜ್ಞಾನ ಮೊದಲನೆಯ ಬಗೆಯದು ಎನ್ನಬಹುದು. ನನ್ನದು ಎರಡನೆಯದು. ಚಿಂತಾಮಣಿಗೆ ಒಂದು ಬಸ್ಸು, ಅಂಚೆಯಲ್ಲಿ ಒಂದು ಕಾಗದ ಸಾಕಾಗಿತ್ತು. ಈ ವಿಂಗಡಣೆಯನ್ನು ಯುವಕನಾಗಿದ್ದಾಗ ಓದಿದ್ದೆ. ಅದು ದೊಡ್ಡ ದೊಡ್ಡ ಪಾಪಗಳಿಗೆ ಸಂಬಂಧಿಸಿದ್ದೆಂದು ತಿಳಿದಿದ್ದೆನೇ ಹೊರತು ಪಿ.ಯು.ಸಿ. ಅರ್ಜಿಗೆ ಸಂಬಂಧಿಸಿದ್ದೆಂದು ತೋರಿರಲಿಲ್ಲ.

ಅಧ್ಯಾಪಕನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ ಎಂಬುದೂ ನಿಜ. ಡಿ.ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರಷ್ಟು ಹಿಂದೆಯೇ, ಹತ್ತು ಪ್ರೌಢಶಾಲೆಗಳಿಗೆ ಒಬ್ಬರಂತೆ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳೊಡನೆ ಮಾತನಾಡುವ ಸಲಹೆಗಾರರು ಇರಬೇಕೆಂದು ಹೇಳಿತ್ತು. ನಾನು ದುಡಿದ ಯಾವ ಶಾಲೆಗೂ ಅಂಥವರೊಬ್ಬರು ಬಂದದ್ದನ್ನು ಕಾಣೆ. ಗಣಿತದ ಮೇಷ್ಟ್ರು, ಪಕ್ಕದ ಮನೆಯವರು, ಬೆಂಗಳೂರಿನಲ್ಲಿರುವ ಮಾವ, ಇವರೇ ಸಲಹೆಗಾರರು.

ನಮ್ಮ ಕಡೆ ‘ಕೌನ್ಸೆಲಿಂಗ್’ ಎಂಬ ಪದಕ್ಕೆ ಬಂದೊದಗಿದ ಅರ್ಥವನ್ನು ಗಮನಿಸಿ. ಮಗುವಿನೊಡನೆ ಕುಳಿತು ಅದರ ಮನಸ್ಸನ್ನು ಅರಿಯುವುದು ಆ ಪದದ ಅರ್ಥ. ನಮ್ಮಲ್ಲಾದರೋ ಸೀಟು ಹಂಚುವುದೇ ಕೌನ್ಸೆಲಿಂಗ್. ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ 1994ರಿಂದ ನಡೆಯುತ್ತಿದೆ. ಈಗ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಮಕ್ಕಳು ತಮಗೆ ಬೇಕಾದ ಕಾಲೇಜು ಮತ್ತು ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕು. ರ‍್ಯಾಂಕಿಗೆ ಸಿಗಬಹುದಾದವುಗಳಲ್ಲಿ ಪಟ್ಟಿಯಲ್ಲಿ ಯಾವುದು ಮೇಲಿದೆಯೋ ಅದನ್ನೇ ಗಣಕಯಂತ್ರ ಕೊಡುತ್ತದೆ. ಮನಸ್ಸಿನಲ್ಲಿ ಯಾವುದು ಮೇಲಿತ್ತು ಎಂದು ಅದು ಕೇಳುವುದಿಲ್ಲ. ಸೀಟು ಬಂದ ಮೇಲೂ, ಒಪ್ಪಿ ಸೇರುವುದೇ, ಒಪ್ಪಿಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾಯುವುದೇ, ಅದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದೇ, ಹೊರಬರುವುದೇ ಎಂದು ಆರಿಸಿಕೊಳ್ಳಬೇಕು. ಇಷ್ಟೆಲ್ಲ ನಿರ್ಧಾರಗಳು ನಮ್ಮ ಊರುಗಳಲ್ಲಿ ಎಲ್ಲಿ ಆಗುತ್ತವೆ? ಬಸ್ ನಿಲ್ದಾಣದ ಬಳಿಯ ಸೈಬರ್ ಅಂಗಡಿಯಲ್ಲಿ. ಹಿಂದೆ ಹತ್ತು ಜನ ಕಾಯುತ್ತಿರುವಾಗ ಅಂಗಡಿಯ ಹುಡುಗ ತನಗೆ ನೆನಪಿಗೆ ಬಂದ ಕಾಲೇಜುಗಳನ್ನು ತುಂಬುತ್ತಾನೆ. ಪಾಪ, ಅವನು ಪಡೆಯುವುದು ಒಂದಿಷ್ಟು ಚಿಲ್ಲರೆ ಹಣ. ಹೊರುತ್ತಿರುವುದು ಸಲಹೆಗಾರನ ಹೊಣೆ.

ಕೆಲವು ವಿಷಯಗಳನ್ನಂತೂ ಆ ಹೊತ್ತಿಗೆ ತಿಳಿದರೆ ತಡವಾಗಿರುತ್ತದೆ. ವೃತ್ತಿಶಿಕ್ಷಣದ ಸರ್ಕಾರಿ ಸೀಟುಗಳಲ್ಲಿ ಶೇ. 15 ಗ್ರಾಮೀಣ ವಿದ್ಯಾರ್ಥಿಗಳಿಗೂ ಶೇ. 5 ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲು. ಆದರೆ ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ತಿಯಾಗಿ ಹಾಗೆ ಓದಿರಬೇಕು. ಮಗುವನ್ನು ಎಂಟನೆಯ ತರಗತಿಗೆ ಹಳ್ಳಿಯಿಂದ ಪಟ್ಟಣದ ಇಂಗ್ಲಿಷ್ ಶಾಲೆಗೆ ಸೇರಿಸುವ ತಂದೆತಾಯಿಗೆ, ಈ ಎರಡನ್ನೂ ಬಿಟ್ಟುಕೊಡುತ್ತಿದ್ದೀರಿ ಎಂದು ಆ ದಿನ ಯಾರೂ ಹೇಳುವುದಿಲ್ಲ. ಸೇರಿಸಬಾರದು ಎನ್ನುತ್ತಿಲ್ಲ, ತಿಳಿದು ಸೇರಿಸುವುದು ಬೇರೆ, ತಿಳಿಯದೆ ಸೇರಿಸುವುದು ಬೇರೆ. ಹಾಗೆಯೇ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಕ್ರೈಸ್ತರು 3ಬಿ ಪ್ರವರ್ಗದಲ್ಲಿದ್ದಾರೆ. ಪರಿಶಿಷ್ಟ ಜಾತಿಗಳಿಂದ ಕ್ರೈಸ್ತರಾದವರ ಉಲ್ಲೇಖ 1ನೇ ಪ್ರವರ್ಗದಲ್ಲಿದೆ. ನಮ್ಮ ಧರ್ಮಕೇಂದ್ರಗಳ ಎಷ್ಟು ಕುಟುಂಬಗಳು ನಾಡಕಚೇರಿಯಿಂದ ಸಕಾಲದಲ್ಲಿ ಆ ಪ್ರಮಾಣಪತ್ರವನ್ನು ಪಡೆದಿಟ್ಟುಕೊಂಡಿವೆ? ಮೇ ತಿಂಗಳಿನ ಬಿಸಿಲಲ್ಲಿ ಅಲ್ಲಿ ಸಾಲು ನಿಂತವರ ಮುಖಗಳನ್ನು ನೋಡಿದರೆ ಉತ್ತರ ತಿಳಿಯುತ್ತದೆ.

ಅಜ್ಞಾನದಿಂದ ಕೊಟ್ಟ ಸಲಹೆಗಿಂತ ಕೆಟ್ಟದ್ದು ಲಾಭಕ್ಕಾಗಿ ಕೊಟ್ಟ ಸಲಹೆ. ಪರೀಕ್ಷೆ ಮುಗಿಯುವ ಮುನ್ನವೇ ಬಣ್ಣದ ಪುಸ್ತಿಕೆ ಹಿಡಿದು ಮನೆಬಾಗಿಲಿಗೆ ಬರುವವರನ್ನು ನೀವು ಬಲ್ಲಿರಿ. ಅವರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವರು ಯಾರಿಗಾಗಿ ಬಂದಿದ್ದಾರೆಂಬುದು ಅವರ ಪುಸ್ತಿಕೆಯ ಮೇಲೆಯೇ ಅಚ್ಚಾಗಿರುತ್ತದೆ. ಆದರೆ ಪ್ರೀತಿಯಿಂದ ಕೊಡುವ ಸಲಹೆಯಲ್ಲೂ ಸ್ವಾರ್ಥ ಅಡಗಿರಬಹುದೆಂಬುದನ್ನು ತಂದೆತಾಯಿಗಳಾದ ನಾವು ಒಪ್ಪಲು ಹಿಂಜರಿಯುತ್ತೇವೆ. ‘ನಾನು ಆಗಲಾರದ್ದನ್ನು ನನ್ನ ಮಗ ಆಗಲಿ’ ಎಂಬ ಮಾತಿನಲ್ಲಿ ಎಷ್ಟು ತ್ಯಾಗವಿದೆಯೋ ಅಷ್ಟೇ ಒತ್ತಾಯವೂ ಇದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದರ ಇನ್ನೊಂದು ರೂಪವುಂಟು. ಗೌರಿಬಿದನೂರಿನಿಂದ ಬೆಂಗಳೂರಿಗೆ ಪ್ರತಿದಿನ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವ ಹೆಣ್ಣುಮಕ್ಕಳಿದ್ದಾರೆ. ಅದೇ ರೈಲಿನಲ್ಲಿ ಓದಲು ಹೋಗುವುದು ಮಾತ್ರ ಕೆಲವು ಮನೆಗಳಲ್ಲಿ ಇಂದಿಗೂ ‘ದೂರ’. ಸಂಬಳಕ್ಕೆ ಹತ್ತಿರವಾದದ್ದು ಪಾಠಕ್ಕೆ ದೂರವಾಗುವುದು ಹೇಗೆಂದು ನನಗೆ ತಿಳಿಯದು.

ಗೌರಿಬಿದನೂರು ಎಂದೊಡನೆ ಡಾ. ಎಚ್. ನರಸಿಂಹಯ್ಯನವರ ನೆನಪು ಬರುತ್ತದೆ. ಆ ತಾಲ್ಲೂಕಿನ ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದವರು. ಪವಾಡಗಳನ್ನು ಪ್ರಶ್ನಿಸಿದ ವಿಚಾರವಾದಿ; ದೇವರ ವಿಷಯದಲ್ಲಿ ಅವರದೂ ನಮ್ಮದೂ ಒಂದೇ ದಾರಿಯಲ್ಲ. ಆದರೂ ಅವರ ಬಾಲ್ಯದ ಒಂದು ಘಟನೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಊರಿನ ಶಾಲೆ ಮುಗಿದ ಮೇಲೆ ಓದಿಗೆ ದಾರಿಯಿರಲಿಲ್ಲ. ಅವರ ಮುಖ್ಯೋಪಾಧ್ಯಾಯರಾಗಿದ್ದವರು ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಹೋಗಿದ್ದರು. ಅವರಿಂದ ಬಾ ಎಂಬ ಕರೆ ಬಂತು. ಬಸ್ಸಿಗೆ ಕಾಸಿಲ್ಲದ ಹುಡುಗ 1935ರಲ್ಲಿ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋದ. ಬಡ ವಿದ್ಯಾರ್ಥಿಗಳ ನಿಲಯದಲ್ಲಿದ್ದು ಓದಿ, ಭೌತಶಾಸ್ತ್ರದ ಅಧ್ಯಾಪಕನಾಗಿ, ಅಮೆರಿಕದ ಒಹಾಯೋದಲ್ಲಿ ಡಾಕ್ಟರೇಟ್ ಪಡೆದು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದ. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿರುವ ನ್ಯಾಷನಲ್ ಕಾಲೇಜುಗಳ ಹಿಂದೆ ಆ ನಡಿಗೆಯ ನೆನಪೂ ಇರಬೇಕು.

ಹುಡುಗನ ಛಲವನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಗಮನ ಹೋಗುವುದು ಆ ಮುಖ್ಯೋಪಾಧ್ಯಾಯರ ಕಡೆಗೆ. ಊರು ಬಿಟ್ಟ ಮೇಲೂ ಅವರು ಒಬ್ಬ ಬಡ ಶಿಷ್ಯನನ್ನು ಮರೆಯಲಿಲ್ಲ. ತಾವು ನಿಂತಿದ್ದ ಕಡೆಗೇ ಅವನನ್ನು ಕರೆದರು. ದಾರಿ ತೋರಿಸಿದವರು ದಾರಿಯ ಆ ತುದಿಯಲ್ಲಿಯೇ ಇದ್ದರು. ನಡೆಯುವುದೋ ಬಿಡುವುದೋ ಎಂಬುದನ್ನು ಹುಡುಗನಿಗೇ ಬಿಟ್ಟಿದ್ದರು. ಸಲಹೆಗೂ ಅಪ್ಪಣೆಗೂ ಇರುವ ವ್ಯತ್ಯಾಸ ಇದೇ ಎಂದು ನನಗೆ ತೋರುತ್ತದೆ. ತಿಳಿದವನು ತಿಳಿಯದವನಿಗೆ ಒಂದೇ ದಾರಿಯನ್ನು ಹೇಳಿದರೆ, ಎಷ್ಟು ಮೃದುವಾಗಿ ಹೇಳಿದರೂ ಅದು ಅಪ್ಪಣೆಯೇ. ಎರಡು ಮೂರು ದಾರಿಗಳನ್ನು, ಅವುಗಳ ಖರ್ಚು ಕಷ್ಟಗಳ ಸಮೇತ ಹೇಳಿ, ಮಗುವಿನ ಮುಖವನ್ನು ನೋಡಿ ಕಾಯುವುದು ಸಲಹೆ. ಕಾಯುವುದಕ್ಕೆ ಹೊತ್ತು ಬೇಕು. ಜಗುಲಿಯ ಮೇಲೆ ಎರಡು ನಿಮಿಷ ಸಾಲದು.

ಪ್ರತಿ ಜೂನಿನಲ್ಲಿ ಶುಲ್ಕಕ್ಕೆಂದು ಕೈಚಾಚುವ ಮಕ್ಕಳಿಗೆ ನಮ್ಮ ಧರ್ಮಕೇಂದ್ರಗಳಲ್ಲಿ ನೆರವು ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಹಣದಷ್ಟೇ ವಿರಳವಾದದ್ದು ತಿಳಿವಳಿಕೆ. ಅದನ್ನು ಇಟ್ಟುಕೊಂಡವರು ನಮ್ಮ ನಡುವೆಯೇ ಕುಳಿತಿರುತ್ತಾರೆ: ಪಾಲಿಟೆಕ್ನಿಕ್ ಮುಗಿಸಿ ನೇರವಾಗಿ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಿದವನು, ನರ್ಸಿಂಗ್ ಓದಿದವಳು, ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಪ್ಪು ಮಾಡಿ ಕಲಿತವನು. ಜನವರಿ ಅಥವಾ ಫೆಬ್ರವರಿಯ ಒಂದು ಭಾನುವಾರ, ಪರೀಕ್ಷೆಗೆ ಮುನ್ನ, ಪೂಜೆ ಮುಗಿದ ಮೇಲೆ ಇವರು ಒಂದು ಗಂಟೆ ಕುಳಿತರೆ ಏನು ಕಷ್ಟ? ಮನೆಯಲ್ಲಿ ಕೂಡಿಟ್ಟ ಅಕ್ಕಿ ನೆರೆಯವನ ಹಸಿವಿಗೆ ಸೇರಿದ್ದೆಂದು ಒಪ್ಪುವ ನಾವು, ತಲೆಯಲ್ಲಿ ಕೂಡಿಟ್ಟದ್ದನ್ನು ನಮ್ಮದೇ ಎಂದು ಭಾವಿಸುವುದು ಸರಿಯಲ್ಲ.

2003ರ ಆ ಹುಡುಗಿ ಕಳೆದ ವರ್ಷ ನನ್ನ ಮನೆಗೆ ಬಂದಿದ್ದಳು. ಟಿ.ಸಿ.ಹೆಚ್. ಆಗಿರಲಿಲ್ಲ, ಪಿ.ಯು.ಸಿ. ಮುಗಿಯುತ್ತಲೇ ಮದುವೆ. ಈಗ ಗಂಡನ ಊರಿನಲ್ಲಿ ಹುಳು ಸಾಕುತ್ತಾಳೆ, ಚೆನ್ನಾಗಿಯೇ ಸಾಕುತ್ತಾಳೆ. ಮಾತಿನ ನಡುವೆ ನಾನು ಕುರುಬೂರಿನ ಕಾಲೇಜಿನ ವಿಷಯವನ್ನು ಹೇಳಿಬಿಟ್ಟೆ. ಇಪ್ಪತ್ತು ವರ್ಷ ಎದೆಯಲ್ಲಿಟ್ಟುಕೊಂಡದ್ದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೆ ಸೈನ್ಸೇ ಬೇಕಿತ್ತು ಸಾರ್. ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ’ ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರಾಗುತ್ತಿತ್ತೇನೋ.

ಅವಳು ಬಂದದ್ದು ಮಗನಿಗಾಗಿ. ಎಸ್.ಎಸ್.ಎಲ್.ಸಿ. ಮುಗಿಸಿದ್ದ ಹುಡುಗ ಬಾಗಿಲ ಬಳಿ ನಿಂತಿದ್ದ. ‘ಇವನಿಗೆ ಸೈನ್ಸ್ ಕೊಡಿಸಬೇಕು ಅಂತ ಆಸೆ, ನೀವೇ ಹೇಳಿ ಸಾರ್’ ಎಂದಳು. ನಾನು ಅವನನ್ನು ಒಳಗೆ ಕರೆದು ಕೂರಿಸಿ, ನಿನಗೇನು ಇಷ್ಟಪ್ಪ ಎಂದು ಕೇಳಿದೆ. ತಾಯಿಯ ಮುಖವನ್ನೊಮ್ಮೆ ನೋಡಿ, ಮೋಟಾರು ರಿಪೇರಿ ಎಂದ. ಊರಿನ ಬೋರ್‌ವೆಲ್ ಮೋಟಾರು ಕೆಟ್ಟರೆ ರಿಪೇರಿಯವನ ಹಿಂದೆಯೇ ಹೋಗಿ ನಿಲ್ಲುತ್ತಾನಂತೆ. ಅವಳ ಮುಖ ಬಾಡಿತು. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗ, ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ, ಪಿ.ಯು.ಸಿ. ವಿಜ್ಞಾನದ ಮೂಲಕ ಇಂಜಿನಿಯರಿಂಗ್, ಮೂರನ್ನೂ ಒಂದು ಹಾಳೆಯಲ್ಲಿ ಬರೆದೆ. ಎಷ್ಟು ವರ್ಷ, ಯಾವ ಪ್ರಮಾಣಪತ್ರ, ಒಂದರಿಂದ ಇನ್ನೊಂದಕ್ಕೆ ಎಲ್ಲಿ ದಾಟಬಹುದು ಎಂಬುದನ್ನೂ ಬರೆದೆ. ಅರ್ಜಿಯ ಕೊನೆಯ ದಿನಾಂಕ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿ, ಮಾರನೆಯ ದಿನ ಅವನನ್ನು ಜೊತೆಗೆ ಕರೆದುಕೊಂಡು ಕಾಲೇಜಿಗೆ ಹೋಗಿ ಕೇಳಿ ಬಂದೆ.