ಕೂಡಿದ್ರೆ ಸರಿ ಬರುತ್ತೆ

ಯೇಗರ್ ವರದಿ ಅಂತ ಒಂದಿದೆ. ಜರ್ಮನ್ ಸೇನೆಯ ವಶದಲ್ಲಿದ್ದ ಲಿಥುವೇನಿಯಾದಲ್ಲಿ ಎಸ್‌ಎಸ್ ಅಧಿಕಾರಿ ಕಾರ್ಲ್ ಯೇಗರ್ 1941ರ ಡಿಸೆಂಬರ್ 1ರಂದು ಬರೆಸಿದ್ದು. ತಾರೀಖು, ಊರು, ಗುಂಡಿಕ್ಕಿ ಕೊಂದವರ ಸಂಖ್ಯೆ. ಪುಟ ಮುಗಿದರೆ ಮೊತ್ತ ಮುಂದಿನ ಪುಟಕ್ಕೆ ಹೋಗುತ್ತೆ, ನಮ್ಮ ಲೆಡ್ಜರ್ ಥರಾನೇ. ಕೊನೆಯ ಮೊತ್ತ 1,37,346. ಬಹುಪಾಲು ಯಹೂದಿಗಳು.

ಅಕ್ಟೋಬರ್ 29ರ ಸಾಲು ನೋಡಿ. ಕೌನಾಸ್ ಊರಿನ ಒಂಬತ್ತನೇ ಕೋಟೆ: 2,007 ಗಂಡಸರು, 2,920 ಹೆಂಗಸರು, 4,273 ಮಕ್ಕಳು. ಒಟ್ಟು 9,200. ಒಂದೇ ದಿನ.

ನಾನು ಮೊಬೈಲಲ್ಲಿ ಕೂಡಿ ನೋಡಿದೆ. ಸರಿಯಾಗಿದೆ. ನಿಜ ಹೇಳ್ತೀನಿ, ಒಂದು ಕ್ಷಣ ಸಮಾಧಾನ ಆಯ್ತು. ಆಫೀಸಿನ ಅಭ್ಯಾಸ. ಆಮೇಲೆ ಆ ಸಮಾಧಾನಾನೇ ಚುಚ್ಚೋಕೆ ಶುರುವಾಯ್ತು.

ಗುಂಡು ಹೊಡೆದವನ ತಪ್ಪು ಎಲ್ಲರಿಗೂ ಕಾಣುತ್ತೆ. ಇದನ್ನ ಟೈಪ್ ಮಾಡಿದವರದ್ದು? ಯಾರನ್ನೂ ಕೊಲ್ಲಲಿಲ್ಲ, ಹೇಳಿದ ಕೆಲಸ ಅಚ್ಚುಕಟ್ಟಾಗಿ ಮಾಡಿದರು, ಅಷ್ಟೇ ತಾನೇ ಅಂತ ಬಿಡಬಹುದಾ? ನನಗೆ ಬಿಡೋಕಾಗಲ್ಲ. ‘4,273 ಯಹೂದಿ ಮಕ್ಕಳು’ ಅಂತ ಒಂದೊಂದೇ ಅಕ್ಷರ ಒತ್ತಿದ ಮೇಲೆ ‘ನನಗೇನೂ ಗೊತ್ತಿರಲಿಲ್ಲ’ ಅನ್ನೋಕೆ ಜಾಗ ಎಲ್ಲಿದೆ?

ಆದ್ರೆ ಆ ಕುರ್ಚಿಯಲ್ಲಿ ನಾನಿದ್ದಿದ್ರೆ ಎದ್ದು ಹೋಗ್ತಿದ್ನಾ? ಮೊದಲು ಟೋಟಲ್ ತಾಳೆ ನೋಡ್ತಿದ್ದೆ ಅನ್ಸುತ್ತೆ. ಈಗಲೂ ಅದನ್ನೇ ತಾನೇ ಮಾಡಿದ್ದು.