ತೀರ್ಪು ಹೇಳಲು ಯಾರು ಅರ್ಹರು?

ಓದುಗರೇ, ಹೊನ್ನಾಳಿಯ ಬಸ್ ನಿಲ್ದಾಣದ ಬಳಿ ನಿಮ್ಮದೊಂದು ಅಂಗಡಿ ಇದೆಯೆಂದು ಭಾವಿಸಿರಿ. ಸಂಜೆ ಪೊಲೀಸರು ಬಂದು, "ಒಂದು ಮನೆಯಲ್ಲಿ ಕಳವಿನ ಅಡಿಕೆ ಇದೆಯಂತೆ, ಶೋಧನೆಗೆ ಪಂಚರಾಗಿ ಬನ್ನಿ" ಎನ್ನುತ್ತಾರೆ. ನೀವು ಹೋಗುವಿರಾ? ಅಥವಾ "ಅಂಗಡಿ ನೋಡಿಕೊಳ್ಳಲು ಯಾರೂ ಇಲ್ಲ ಸಾರ್, ಪಕ್ಕದವರನ್ನು ಕೇಳಿ" ಎನ್ನುವಿರಾ? ನಮ್ಮಲ್ಲಿ ಹೆಚ್ಚಿನವರ ಉತ್ತರವೇನೆಂದು ನಮಗೇ ಗೊತ್ತು. ಇನ್ನೂ ಒಂದು ಪ್ರಶ್ನೆ. ಆ ಮನೆ ನಿಮ್ಮ ಭಾವನದಾಗಿದ್ದರೆ? ಅಥವಾ ಹೊಲದ ಬದುವಿಗಾಗಿ ನಿಮ್ಮೊಡನೆ ಜಗಳವಾಡಿದವನದಾಗಿದ್ದರೆ?

ಒಬ್ಬ ಆರೋಪಿಯ ಅಳಿವು ಉಳಿವು ಸಾಮಾನ್ಯ ಜನರ ಮಾತಿನ ಮೇಲೆ ನಿಂತಾಗ ಆ ಜನರನ್ನು ಆರಿಸುವುದು ಹೇಗೆ? ಜ್ಯೂರಿ ಪದ್ಧತಿ ಇರುವ ದೇಶಗಳನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ ಇದು. ಬ್ರಿಟಿಷರು ಆ ಪದ್ಧತಿಯನ್ನು ನಮ್ಮ ದೇಶಕ್ಕೂ ತಂದಿದ್ದರು. ಕಾನೂನು ಓದದ ನಾಗರಿಕರು ಸಾಕ್ಷ್ಯಗಳನ್ನು ಕೇಳಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳಬೇಕು. ಶಿಕ್ಷೆ ವಿಧಿಸುವುದು ನ್ಯಾಯಾಧೀಶರ ಕೆಲಸ. 1898ರ ದಂಡ ಪ್ರಕ್ರಿಯಾ ಸಂಹಿತೆಯ ಪ್ರಕಾರ, ಕರೆಸಿದವರ ಪೈಕಿ ಚೀಟಿ ಎತ್ತಿ ಜ್ಯೂರಿಗಳನ್ನು ಆರಿಸಲಾಗುತ್ತಿತ್ತು. ಅವರ ಬಗ್ಗೆ ಆಕ್ಷೇಪ ಹೇಳಲು ಅವಕಾಶವೂ ಇತ್ತು.

ಕೇಳಲು ಬಹಳ ನ್ಯಾಯವಾಗಿದೆ, ಅಲ್ಲವೇ? ಆದರೆ ಚೀಟಿ ಹಾಕುವ ಮೊದಲು ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬುದನ್ನೂ ನೋಡಬೇಕು. 1883ರಲ್ಲಿ, ಜಿಲ್ಲೆಗಳಲ್ಲಿ ಭಾರತೀಯ ನ್ಯಾಯಾಧೀಶರೂ ಯುರೋಪಿಯನ್ ಆರೋಪಿಗಳ ವಿಚಾರಣೆ ನಡೆಸಬಹುದೆಂಬ ಇಲ್ಬರ್ಟ್ ಮಸೂದೆ ಬಂದಾಗ ಇಲ್ಲಿನ ಬಿಳಿಯರು ದೊಡ್ಡ ಗದ್ದಲವೆಬ್ಬಿಸಿದರು. ಕೊನೆಗೆ 1884ರಲ್ಲಿ ರಾಜಿಯಾಯಿತು. ಯುರೋಪಿಯನ್ ಆರೋಪಿ ಬಯಸಿದರೆ ಜ್ಯೂರಿಯಲ್ಲಿ ಕನಿಷ್ಠ ಅರ್ಧದಷ್ಟು ಜನ ಯುರೋಪಿಯನ್ನರು ಅಥವಾ ಅಮೆರಿಕನ್ನರು ಇರಬೇಕು! ತಮ್ಮವನ ತೀರ್ಪನ್ನು ತಮ್ಮವರೇ ಹೇಳಬೇಕೆಂಬ ಹಟವಲ್ಲದೆ ಇದು ಮತ್ತೇನು?

ಅಮೆರಿಕದಲ್ಲಿ ಇದೇ ರೋಗ ಬೇರೆ ರೂಪದಲ್ಲಿ ಕಾಣಿಸಿತು. ಕಾರಣ ಹೇಳದೆಯೇ ಕೆಲವರನ್ನು ಜ್ಯೂರಿಯಿಂದ ಕೈಬಿಡುವ ಹಕ್ಕು ಅಲ್ಲಿ ಎರಡೂ ಕಡೆಯ ವಕೀಲರಿಗೆ ಇತ್ತು. ಕೆಂಟುಕಿಯ ಬ್ಯಾಟ್ಸನ್ ಎಂಬ ಕರಿಯ ಆರೋಪಿಯ ಮೊಕದ್ದಮೆಯಲ್ಲಿ ಸರಕಾರಿ ವಕೀಲರು ಪಟ್ಟಿಯಲ್ಲಿದ್ದ ನಾಲ್ವರು ಕರಿಯರನ್ನೂ ಕೈಬಿಟ್ಟರು. ಬಣ್ಣ ನೋಡಿ ಹೀಗೆ ಕೈಬಿಡಕೂಡದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1986ರಲ್ಲಿ.

ನಮ್ಮಲ್ಲಿ ಜ್ಯೂರಿ ಎಂದೊಡನೆ ನಾನಾವತಿ ಮೊಕದ್ದಮೆ ನೆನಪಾಗುತ್ತದೆ. 1959ರಲ್ಲಿ ನೌಕಾದಳದ ಅಧಿಕಾರಿ ನಾನಾವತಿ, ತನ್ನ ಪತ್ನಿಯೊಡನೆ ಸಂಬಂಧವಿದ್ದ ಪ್ರೇಮ್ ಅಹುಜಾನನ್ನು ಬೊಂಬಾಯಿಯಲ್ಲಿ ಗುಂಡಿಟ್ಟು ಕೊಂದ. ಪತ್ರಿಕೆಯೊಂದು ಅವನ ಪರವಾಗಿ ಬಹಿರಂಗವಾಗಿ ನಿಂತಿತು, ಊರಿಗೆ ಊರೇ ಮರುಗಿತು. ಒಂಬತ್ತು ಜ್ಯೂರಿಗಳಲ್ಲಿ ಎಂಟು ಮಂದಿ ನಿರ್ದೋಷಿ ಎಂದರು. ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಈ ಮೊಕದ್ದಮೆಯಿಂದಲೇ ಜ್ಯೂರಿ ಪದ್ಧತಿ ರದ್ದಾಯಿತೆಂದು ಹಲವರು ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಕಾನೂನು ಆಯೋಗ 1958ರಲ್ಲೇ ಅದು ಬೇಡವೆಂದಿತ್ತು. 1974ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಇರಲಿಲ್ಲ.

ಚೀಟಿ ಎತ್ತುವುದು ಒಳ್ಳೆಯದೇ. ಚೀಟಿಗೆ ಜಾತಿ, ನಂಟು, ಹಣ ಗೊತ್ತಿಲ್ಲ. ಆದರೆ ಹೆಸರು ಬಂದವನ ಎದೆಯೊಳಗೆ ಇರುವುದನ್ನು ಚೀಟಿ ತೊಳೆಯಲಾರದು. ಹಿಂದೆ ಖಾಝಿಯ ನ್ಯಾಯಾಲಯಗಳಲ್ಲಿ ಸಾಕ್ಷಿಗಳ ನಡತೆಯನ್ನು ವಿಚಾರಿಸಿ ತಿಳಿಸಲೆಂದೇ ಮುಝಕ್ಕಿ ಎಂಬವರಿದ್ದರು. ಅವರು ನೆರೆಹೊರೆಯಲ್ಲಿ ಗುಟ್ಟಾಗಿ ಕೇಳುತ್ತಿದ್ದರು, ಬಹಿರಂಗವಾಗಿಯೂ ಕೇಳುತ್ತಿದ್ದರು. ಆದರೂ ಒಬ್ಬನ ಪಕ್ಷಪಾತ ಅವನಿಗೆ ತಿಳಿದಷ್ಟು ನೆರೆಯವನಿಗೆ ತಿಳಿಯುವುದೇ? ಸ್ವಂತಕ್ಕೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ಕುರ್‌ಆನಿನ ಅನ್ನಿಸಾ ಅಧ್ಯಾಯ ಬೋಧಿಸುತ್ತದೆ. ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ಅನ್ಯಾಯಕ್ಕೆ ಎಳೆಯಬಾರದೆನ್ನುತ್ತದೆ ಅಲ್‌ಮಾಇದಃ. ಬಂಧುವಿನ ವಿಷಯದಲ್ಲಿ ಎಡವುವವರು ಎಷ್ಟೋ ಮಂದಿ. ಆದರೆ ಶತ್ರುವಿನ ವಿಷಯದಲ್ಲಿ ಎಡವಿದ್ದು ನಮಗೆ ತಿಳಿಯುವುದೇ ಇಲ್ಲ. ಅದನ್ನು ನಾವು ಧರ್ಮಾವೇಶವೆಂದುಕೊಳ್ಳುತ್ತೇವೆ.

ಇನ್ನು ನಿಮ್ಮ ಅಂಗಡಿಗೇ ಮರಳೋಣ. ಪಂಚರು ತೀರ್ಪುಗಾರರಲ್ಲ, ನಿಜ. ಆದರೆ ಜ್ಯೂರಿ ಹೋದ ಮೇಲೆ ಕ್ರಿಮಿನಲ್ ಮೊಕದ್ದಮೆಯಲ್ಲಿ ಬೀದಿಯ ಮನುಷ್ಯನಿಗೆ ಉಳಿದಿರುವ ಪಾಲು ಇಂಥ ಸಾಕ್ಷ್ಯವೇ. ಶೋಧನೆಗೆ ಆ ಸ್ಥಳದ ಸ್ವತಂತ್ರರೂ ಗೌರವಸ್ಥರೂ ಆದ ಇಬ್ಬರು ಅಥವಾ ಹೆಚ್ಚು ನಿವಾಸಿಗಳನ್ನು ಕರೆಯಬೇಕೆಂದು ಹಳೆಯ ಸಂಹಿತೆಯೂ ಹೇಳುತ್ತಿತ್ತು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಹೇಳುತ್ತದೆ. ಈಗ ಶೋಧನೆಯ ವೀಡಿಯೋ ಚಿತ್ರೀಕರಣವೂ ಕಡ್ಡಾಯ. ಲಿಖಿತವಾಗಿ ಕರೆದಾಗ ಸಕಾರಣವಿಲ್ಲದೆ ನಿರಾಕರಿಸುವುದು ಅಪರಾಧ. ಆದರೂ ಗೌರವಸ್ಥರೆಲ್ಲ ಜಾರಿಕೊಂಡರೆ ಉಳಿಯುವವರು ಯಾರು? ಠಾಣೆಯ ಸುತ್ತಮುತ್ತ ಓಡಾಡುವ, ಎಲ್ಲಿ ಬೇಕಾದರೂ ಸಹಿ ಹಾಕುವ ಖಾಯಂ ಪಂಚರು.

'ನಾನು ಬರುವುದಿಲ್ಲ' ಎಂಬ ಮಾತಿನಲ್ಲಿ ಎರಡು ಬಗೆ ಇದೆ. "ಅವನು ನನ್ನ ಭಾವ, ನನ್ನ ಕಣ್ಣು ನೇರ ನೋಡಲಾರದು, ಬೇರೆಯವರನ್ನು ಕರೆಯಿರಿ" ಎಂದು ಕಾರಣವನ್ನು ಬಾಯಿಬಿಟ್ಟು ಹೇಳಿ ಹಿಂದೆ ಸರಿಯುವುದು ಒಂದು. ಅದು ಪ್ರಾಮಾಣಿಕತೆ. ಕೋರ್ಟಿಗೆ ಅಲೆಯಬೇಕಲ್ಲ ಎಂದು ಗಲ್ಲಾಪೆಟ್ಟಿಗೆಯ ಹಿಂದೆ ಮುಖ ಮರೆಸುವುದು ಇನ್ನೊಂದು. ಎರಡನೆಯದಕ್ಕೆ ಮೊದಲನೆಯದರ ಬಟ್ಟೆ ತೊಡಿಸುವುದರಲ್ಲಿ ನಾವು ನಿಪುಣರು.

ಹೋದಿರೆಂದೇ ಇಟ್ಟುಕೊಳ್ಳಿ. ಪಂಚನಾಮೆಯನ್ನು ಓದದೆ ಸಹಿ ಹಾಕಬೇಡಿ. ಮೂಟೆ ಎಷ್ಟಿದ್ದವು, ಯಾವ ಕೋಣೆಯಲ್ಲಿದ್ದವು ಎಂಬುದನ್ನು ನೀವೇ ಎಣಿಸಿ ನೋಡಿರಿ. ಏಕೆಂದರೆ ಕೆಲವು ವರ್ಷಗಳ ಬಳಿಕ ಕಟಕಟೆಯಲ್ಲಿ ನಿಮ್ಮನ್ನು ನಿಲ್ಲಿಸಿ ಕೇಳುವುದು ಅದನ್ನೇ. ಆ ದಿನ ಆರೋಪಿಯ ತಾಯಿ ಹಿಂದಿನ ಬೆಂಚಿನಲ್ಲಿ ಕುಳಿತು ನಿಮ್ಮ ಬಾಯನ್ನೇ ನೋಡುತ್ತಿರುತ್ತಾಳೆ.