ಯಾವ ಕಾಲೇಜಿಗೆ ಹೆಸರಿದೆ?

ರೋಣದವರಿಗೆ ದೊಡ್ಡ ದವಾಖಾನೆ ಎಂದರೆ ಗದಗ. ನರಗುಂದದವರಿಗೆ ಹುಬ್ಬಳ್ಳಿ; ಬಾಗಲಕೋಟೆ ಕಡೆಯಿಂದ ಬರುವ ಹುಬ್ಬಳ್ಳಿ ಬಸ್ಸು ಅವರ ಊರಿನ ಮೇಲೆಯೇ ಹಾಯುತ್ತದೆ. ಗಜೇಂದ್ರಗಡದವರು ಗದಗ, ಕೊಪ್ಪಳ, ಬಾಗಲಕೋಟೆ ಮೂರನ್ನೂ ತೂಗಿ ನೋಡುತ್ತಾರೆ. ಮೆಡಿಕಲ್ ಕಾಲೇಜಿನ ಹೆಸರು ಮೊದಲು ಹಬ್ಬುವುದು ರೋಗಿಗಳು ಹತ್ತುವ ಬಸ್ಸುಗಳಲ್ಲಿ.

*

‘ಹುಬ್ಬಳ್ಳಿಗೆ ಒಯ್ಯರಿ.’ ಅಪರಾತ್ರಿ ಈ ಮಾತು ಕೇಳಿದ ಮನೆಯವರು ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜಿನ ರ್‍ಯಾಂಕ್ ಎಷ್ಟೆಂದು ಕೇಳುವುದಿಲ್ಲ. 1957ರಲ್ಲಿ ಶುರುವಾದ ಆ ಕಾಲೇಜಿನ ಆಸ್ಪತ್ರೆಗೆ ಹಾವು ಕಚ್ಚಿದವರು, ಬೆಳೆಗೆ ಹೊಡೆಯುವ ಎಣ್ಣೆ ಕುಡಿದವರು, ಹೆರಿಗೆ ಕಠಿಣವಾದವರು ಸುತ್ತಲಿನ ಜಿಲ್ಲೆಗಳಿಂದ ಬರುತ್ತಲೇ ಇದ್ದಾರೆ. ಅವರ ನಂಬಿಕೆಯೇ ಅಲ್ಲಿನ ವಿದ್ಯಾರ್ಥಿಗಳ ಪಾಠಶಾಲೆ. ರೋಗಿ ಬಾರದ ಕಡೆ ಎಂಥ ಕಟ್ಟಡ ಕಟ್ಟಿದರೂ ವೈದ್ಯ ತಯಾರಾಗುವುದಿಲ್ಲ.

*

ಕಟ್‌ಆಫ್ ತಿಳಿಸುವುದು ಇಷ್ಟೇ: ಹೋದ ವರ್ಷ ಒಳ್ಳೆಯ ರ್‍ಯಾಂಕಿನವರು ಎಲ್ಲಿಗೆ ಹೋದರು. ಅವರು ಅಲ್ಲಿಗೆ ಹೋದದ್ದು ಅದರ ಹಿಂದಿನ ವರ್ಷದ ಕಟ್‌ಆಫ್ ನೋಡಿ. ಹೀಗೆ ಒಬ್ಬರ ಬೆನ್ನು ನೋಡಿ ಇನ್ನೊಬ್ಬರು ನಡೆದದ್ದನ್ನೇ ನಾವು ಕಾಲೇಜಿನ ಗುಣಮಟ್ಟ ಎಂದು ಓದುತ್ತೇವೆ.

*

ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಪಟ್ಟಿಗೆ ವೈದ್ಯಕೀಯ ವಿಭಾಗ ಸೇರಿದ್ದು 2018ರಲ್ಲಿ. ಅದರ ಲೆಕ್ಕದಲ್ಲಿ ಸಂಶೋಧನೆಗೆ ನೂರಕ್ಕೆ 30, ಕಾಲೇಜಿನ ಬಗೆಗಿನ ಅಭಿಪ್ರಾಯಕ್ಕೆ 10. ಪಟ್ಟಿ ಉಪಯುಕ್ತ, ಆದರೆ ಹಾಸಿಗೆಯ ಪಕ್ಕದಲ್ಲಿ ನಿಂತು ಕಲಿಸುವ ಮೇಷ್ಟ್ರು ಇದ್ದಾರೋ ಇಲ್ಲವೋ ಎಂಬುದಕ್ಕೆ ಅದರಲ್ಲಿ ಉತ್ತರ ಸಿಗದು. ಅರ್ಜಿ ಹಾಕದ ಕಾಲೇಜು ಪಟ್ಟಿಯಲ್ಲಿ ಇರುವುದೇ ಇಲ್ಲ. ಹೆಸರು ಕಾಣದಿದ್ದರೆ ಕಾಲೇಜು ಕಳಪೆ ಎಂದು ಬಗೆಯಬೇಡಿ.

*

ಮೆಡಿಕಲ್ ಕಾಲೇಜುಗಳು ಶುರುವಾದ ವರ್ಷ ನೋಡಿ: ಮೈಸೂರು 1924, ಬೆಂಗಳೂರು 1955, ಬಳ್ಳಾರಿ 1961, ಬೆಳಗಾವಿಯ ಜೆಎನ್‌ಎಂಸಿ 1963. ಗದಗ ಮತ್ತು ಕೊಪ್ಪಳ 2015. ವಯಸ್ಸಾದ ಕಾಲೇಜಿಗೆ ಹಳೆಯ ವಿದ್ಯಾರ್ಥಿಗಳ ಬಲವಿದೆ. ಎಲ್ಲಿ ಹೋದರೂ ‘ನಮ್ಮ ಕಾಲೇಜಿನವನು’ ಎಂದು ಕೈ ಹಿಡಿಯುವ ಒಬ್ಬ ಸೀನಿಯರ್ ಸಿಗುತ್ತಾನೆ. ಹೊಸ ಕಾಲೇಜಿಗೆ ಆ ಬಲ ಬರಲು ಒಂದು ತಲೆಮಾರು ಬೇಕು. ಆದರೆ ಸಾಲು ಸಾಲು ಪಿಜಿ ವಿದ್ಯಾರ್ಥಿಗಳು ಇಲ್ಲದ ಕಡೆ ಹೊಲಿಗೆ ಹಾಕುವ, ಹೆರಿಗೆ ಮಾಡಿಸುವ ಸರದಿ ಇಂಟರ್ನ್‌ಗೆ ಬೇಗ ಬರುತ್ತದೆ. ತಪ್ಪಿದರೆ ತಿದ್ದುವ ಹಿರಿಯರು ಪಕ್ಕದಲ್ಲಿ ಇದ್ದರೆ ಮಾತ್ರ ಅದು ಲಾಭ. ಇಲ್ಲದಿದ್ದರೆ ರೋಗಿಗೂ ಅನ್ಯಾಯ, ಕಲಿಯುವವನಿಗೂ ಅನ್ಯಾಯ.

*

ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿಗೆಲ್ಲ ಪ್ರಶ್ನೆಪತ್ರಿಕೆ ಒಂದೇ. ಬೆಂಗಳೂರಿನಲ್ಲಿ ಓದಿದವರಿಗೂ ಗದಗಿನಲ್ಲಿ ಓದಿದವರಿಗೂ ಪದವಿ ಕೊಡುವುದು ಅದೇ ವಿಶ್ವವಿದ್ಯಾಲಯ. ಮಕ್ಕಳು ಗದಗಿನಲ್ಲಿ ಓದುತ್ತಾರೆಂದು ನೆರೆಮನೆಯವರ ಎದುರು ತಲೆ ತಗ್ಗಿಸುವ ಕಾರಣವೇ ಇಲ್ಲ.

*

ಗದಗಿನ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಒಬ್ಬ ಅಜ್ಜಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಎಕ್ಸ್‌ರೇ, ಮಡಚಿ ಮೆತ್ತಗಾದ ಚೀಟಿಗಳು. ‘ಎಲ್ಲಿ ನೋಯ್ತೈತೆಬೇ?’ ಎಂದು ಮೆಡಿಕಲ್ ಓದುವ ಹುಡುಗಿಯೊಬ್ಬಳು ಬಗ್ಗಿ ಕೇಳಿದಳು. ಅಜ್ಜಿ ಮೊಣಕಾಲಿನಿಂದ ಶುರು ಮಾಡಿ ಊರಿನ ಬೋರ್‌ವೆಲ್ ನೀರಿಗೆ ಬಂದು, ಮಗನ ಕುಡಿತದವರೆಗೂ ಹೇಳಿದಳು. ಹುಡುಗಿ ನಡುವೆ ಬಾಯಿ ಹಾಕಲಿಲ್ಲ. ಫ್ಲೋರೈಡ್ ನೀರಿನ ಜಿಲ್ಲೆಯಲ್ಲಿ ಮೊಣಕಾಲು ನೋವಿನ ಜೊತೆ ನೀರಿನ ಮಾತು ಬಂದರೆ ಕಿವಿ ನಿಮಿರಬೇಕು. ಅದನ್ನು ಕಲಿಸಿದ ಕಾಲೇಜು ನನ್ನ ಲೆಕ್ಕದಲ್ಲಿ ದೊಡ್ಡ ಕಾಲೇಜು.

*

ಗಜೇಂದ್ರಗಡದ ಪಕ್ಕದಲ್ಲೇ ಕುಷ್ಟಗಿ ತಾಲ್ಲೂಕು. ಹೊಲದ ಬದು ದಾಟಿದರೆ ಸಂವಿಧಾನದ 371(ಜೆ) ವಿಧಿ ಅನ್ವಯ. ಕೊಪ್ಪಳದ ಕಾಲೇಜಿನ ರಾಜ್ಯ ಕೋಟಾದಲ್ಲಿ ನೂರಕ್ಕೆ 70 ಸೀಟು ಕಲ್ಯಾಣ ಕರ್ನಾಟಕದವರಿಗೆ. ಬದುವಿನ ಈಚೆ ಆ ಮೀಸಲು ಇಲ್ಲ. ಕಲ್ಯಾಣ ಕರ್ನಾಟಕಕ್ಕೆ ಅದು ಸಲ್ಲಲೇಬೇಕಾದ ನ್ಯಾಯ. ಆದರೆ ಆಯ್ಕೆ ಮಾಡುವ ಹುಡುಗನಿಗೆ ಇದು ಮೊದಲೇ ಗೊತ್ತಿರಬೇಕು: ಕಿಲೋಮೀಟರಿನಲ್ಲಿ ಹತ್ತಿರವಿದ್ದದ್ದು ಸೀಟಿನಲ್ಲಿ ದೂರವಿರಬಹುದು.

*

ಹೆಸರಿಗಾಗಿ ಎರೆಹೊಲ ಮಾರಬೇಡಿ. ಸರ್ಕಾರಿ ಕಾಲೇಜಿನ ಸೀಟು ಕೈಯಲ್ಲಿದ್ದೂ ‘ಅದಕ್ಕೇನು ಹೆಸರೈತಿ?’ ಎಂದು ಖಾಸಗಿ ಕಾಲೇಜಿಗೆ ಲಕ್ಷ ಲಕ್ಷ ಸುರಿಯುವ ತಂದೆಯರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಸಾಲ ಹೊತ್ತು ವೈದ್ಯನಾದವನು ನರೇಗಲ್ಲಿನಲ್ಲೋ ಹೊಳೆಆಲೂರಿನಲ್ಲೋ ಕೂರುವುದು ಕಷ್ಟ. ಸಾಲವೇ ಅವನನ್ನು ನಗರಕ್ಕೆ ಎಳೆಯುತ್ತದೆ.

*

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿ ಶೆಲ್ ದಾಳಿಗೆ ಬಲಿಯಾದ. ಅಷ್ಟು ದೂರ ನಮ್ಮ ಮಕ್ಕಳನ್ನು ಕಳಿಸಿದ್ದು ಕೀರ್ತಿಯ ಆಸೆಯಲ್ಲ, ಇಲ್ಲಿನ ಶುಲ್ಕ. ಒಳ್ಳೆಯ ಕಾಲೇಜು ಯಾವುದೆಂದು ಚರ್ಚಿಸುವ ನಾವು, ಬಡವನ ಮಗನಿಗೆ ಎಟುಕುವ ಕಾಲೇಜುಗಳು ಎಷ್ಟಿವೆ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.

*

ಕಾಲೇಜಿಗೆ ಈಗಷ್ಟೇ ಸೇರಿದವರ ಹೊಗಳಿಕೆಗೂ ಬೈಗುಳಕ್ಕೂ ಬೆಲೆ ಕಡಿಮೆ. ಇಂಟರ್ನ್ ಹೇಳುವುದು ನಂಬಲರ್ಹ: ನಾಲ್ಕೂವರೆ ವರ್ಷ ಅಲ್ಲೇ ಕಳೆದಿದ್ದಾನೆ, ಈಗ ಅಲ್ಲೇ ದುಡಿಯುತ್ತಿದ್ದಾನೆ.

*

ಸೀಟು ಹಂಚಿಕೆಯ ಕೆಇಎ ಆಪ್ಶನ್ ಎಂಟ್ರಿಗೆ ಕೂರುವ ಮುನ್ನ ಒಂದು ದಿನ ಬಿಡುವು ಮಾಡಿಕೊಳ್ಳಿ. ಮಗನನ್ನೋ ಮಗಳನ್ನೋ ಕರೆದುಕೊಂಡು ಬೆಳಿಗ್ಗೆ ಒಂಬತ್ತಕ್ಕೆ ಗದಗಿನ ಆಸ್ಪತ್ರೆಗೂ ಮಧ್ಯಾಹ್ನ ಹುಬ್ಬಳ್ಳಿಗೂ ಹೋಗಿ. ನಿಮ್ಮ ಕೈಯಾರೆ ಎಷ್ಟು ಹೆರಿಗೆ ಮಾಡಿಸಿದ್ದೀರಿ, ರಾತ್ರಿ ವಾರ್ಡಿಗೆ ಹಿರಿಯ ಡಾಕ್ಟರ್ ಬರುತ್ತಾರಾ ಎಂದು ಇಂಟರ್ನ್‌ಗಳನ್ನು ಕೇಳಿ. ಹೊರಗೆ ಕಾಯುತ್ತಿರುವ ಮನೆಮಂದಿಯನ್ನೂ ಮಾತಾಡಿಸಿ. ಆಮೇಲೆ ಕಾಲೇಜುಗಳ ಕ್ರಮ ಬರೆಯಿರಿ.